ದಿಬ್ಬ ಕಡಿಯಿರಿ, ತಗ್ಗು ತುಂಬಬೇಡಿ: ಮನೆಯಲ್ಲಿ ಸಬ್‌ವೂಫರ್ ಕೂಡಿಸುವ ಕ್ರಮ

ಹೊಸ ಸಬ್‌ವೂಫರ್, ಅಂದರೆ ಬೇಸ್ ಎನ್ನುವ ಕೆಳಗಿನ ಸ್ವರಗಳನ್ನಷ್ಟೇ ನುಡಿಸುವ ಸ್ಪೀಕರ್, ಮನೆಗೆ ಬಂದ ದಿನ ಎಲ್ಲ ಕಡೆ ನಡೆಯುವುದು ಒಂದೇ. ಟಿವಿ ಪಕ್ಕದ ಮೂಲೆಗೆ ಅದನ್ನು ತಳ್ಳುತ್ತಾರೆ, ಹಿಂಬದಿಯ ನಾಬ್‌ಗಳನ್ನೆಲ್ಲ ಮುಕ್ಕಾಲಿಗೆ ತಿರುವುತ್ತಾರೆ, ಹಾಡು ಹಚ್ಚುತ್ತಾರೆ. ಎದೆಗೆ ಧಬ್ ಅಂತ ಬಡಿದ ಕೂಡಲೇ ದುಡ್ಡು ವಸೂಲಾಯಿತು ಅನ್ನಿಸುತ್ತದೆ. ಎಂಟು ದಿನ ಕಳೆದ ಮೇಲೆ ಗೊತ್ತಾಗುವುದು, ಯಾವ ಹಾಡು ಹಚ್ಚಿದರೂ ಬೇಸ್ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತಿದೆ ಎಂಬುದು. ಡೊಳ್ಳೂ ಅದೇ ಸ್ವರ, ಡಗ್ಗಾನೂ ಅದೇ ಸ್ವರ, ಸಿನಿಮಾದ ಬಾಂಬೂ ಅದೇ ಸ್ವರ.

ಇದು ಸಬ್‌ವೂಫರಿನ ತಪ್ಪಲ್ಲ, ಕೋಣೆಯದು. ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಮೊದಲು ಜಾಗ, ಆಮೇಲೆ ಸ್ಪೀಕರುಗಳ ಜೊತೆ ಜೋಡಣೆ ಅಂದರೆ ಕ್ರಾಸ್‌ಓವರ್ (ಸ್ಪೀಕರೂ ಸಬ್‌ವೂಫರೂ ಸ್ವರ ಹಂಚಿಕೊಳ್ಳುವ ಗಡಿ) ಮತ್ತು ಫೇಸ್ (ಎರಡರ ಅಲೆಗಳೂ ಒಟ್ಟಿಗೆ ಏರಿಳಿಯುವುದು), ಕಟ್ಟಕಡೆಗೆ ಇಕ್ಯೂ (ಇಕ್ವಲೈಝರ್, ಆಯ್ದ ಸ್ವರಗಳ ಜೋರನ್ನು ಏರಿಸಿ-ಇಳಿಸುವುದು). ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಜಾಗ ಕೆಡಿಸಿದ್ದನ್ನು ಇಕ್ಯೂ ಸರಿಪಡಿಸಲಾರದು.

ಮೊದಲು ಟೇಪು ಹಿಡಿಯಿರಿ

ಎದುರುಬದುರಾದ ಎರಡು ಗೋಡೆಗಳ ನಡುವೆ ಸದ್ದಿನ ಅಲೆ ಸರಿಯಾಗಿ ಅರ್ಧ ಹಿಡಿಸಿದಾಗ ಆ ಕಂಪನಾಂಕದಲ್ಲಿ ಕೋಣೆಯೇ ಹಾಡತೊಡಗುತ್ತದೆ. ಇದಕ್ಕೆ ರೂಮ್ ಮೋಡ್ ಎನ್ನುತ್ತಾರೆ. ಲೆಕ್ಕ ಸುಲಭ. 565ನ್ನು ಅಡಿಯಲ್ಲಿರುವ ಅಳತೆಯಿಂದ ಭಾಗಿಸಿದರೆ ಮೊದಲ ಮೋಡ್ ಹರ್ಟ್ಸ್‌ನಲ್ಲಿ ಸಿಗುತ್ತದೆ. 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರದ ಹಾಲ್ ಎಂದುಕೊಳ್ಳಿ. ಹುಬ್ಬಳ್ಳಿ-ಧಾರವಾಡದ ನವನಗರ, ಸಪ್ತಾಪುರದ ಕಡೆಯ ಮನೆಗಳಲ್ಲಿ ಇಂಥವು ಬೇಕಾದಷ್ಟಿವೆ. ಉದ್ದಕ್ಕೆ 40 ಹರ್ಟ್ಸ್, ಅಗಲಕ್ಕೆ 51, ಎತ್ತರಕ್ಕೆ 56. ಇವುಗಳ ಎರಡರಷ್ಟು, ಅಂದರೆ 80, 102, 113 ಕೂಡ ಮೋಡುಗಳೇ. ಈ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಹಂತದಲ್ಲೂ ಬೇಕಾಗುತ್ತವೆ.

10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಚೌಕ ಕೋಣೆ ಎಲ್ಲಕ್ಕಿಂತ ಕೆಟ್ಟದ್ದು. ಮೂರೂ ಮೋಡ್ 56 ಹರ್ಟ್ಸ್‌ನಲ್ಲೇ ಒಂದರ ಮೇಲೊಂದು ಕೂತಿರುತ್ತವೆ. ಆ ಕೋಣೆಯನ್ನು ಮಲಗಲು ಬಿಟ್ಟುಕೊಟ್ಟು, ಬೇರೆ ಕೋಣೆ ಇದ್ದರೆ ಸಿಸ್ಟಂ ಅಲ್ಲಿಗೆ ಒಯ್ಯುವುದು ಒಳ್ಳೆಯದು.

ಮನೆ ಹೇಗೆ ಕಟ್ಟಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಆರ್‌ಸಿಸಿ ಸ್ಲ್ಯಾಬ್, ಸಿಮೆಂಟ್ ಗೋಡೆ, ಟೈಲ್ಸ್ ನೆಲದ ಮನೆ ಬೇಸನ್ನು ಹೊರಗೆ ಬಿಡುವುದಿಲ್ಲ. ಸದ್ದು ಒಳಗೇ ಸುತ್ತುತ್ತದೆ, ಮೋಡುಗಳು ಚೂಪಾಗಿರುತ್ತವೆ. ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳ ಹೆಂಚಿನ ಮನೆಗಳಲ್ಲಿ ಬೇಸಿನ ಬಹುಪಾಲು ಮಾಡಿನಿಂದಲೇ ಹೊರಗೆ ಹೋಗುತ್ತದೆ. ಅಲ್ಲಿ ಗುಂಯ್ ಸದ್ದು ಕಡಿಮೆ, ಆದರೆ ಸಬ್‌ವೂಫರಿಗೆ ದಮ್ಮು ಹೆಚ್ಚು ಬೇಕು. ಆರ್‌ಸಿಸಿ ಕೋಣೆಗೆ 8 ಇಂಚಿನದು ಸಾಕಾದರೆ ಇಲ್ಲಿ 12 ಇಂಚಿನದರ ವಿಚಾರ ಮಾಡಿ. ಹಾಲ್, ಅಡುಗೆಮನೆ, ಊಟದ ಜಾಗ ಎಲ್ಲ ಬಾಗಿಲಿಲ್ಲದೆ ಕೂಡಿಕೊಂಡ ಮನೆಗಳಿಗೂ ಇದೇ ಮಾತು. ಸಬ್‌ವೂಫರ್ ತುಂಬಬೇಕಾದದ್ದು ನೀವು ಕೂತ ಜಾಗವನ್ನಲ್ಲ, ಗಾಳಿ ಓಡಾಡುವ ಇಡೀ ಜಾಗವನ್ನು.

ಕೂಡುವ ಜಾಗ, ಇಡುವ ಜಾಗ

ಸೋಫಾದಿಂದ ಶುರು ಮಾಡಿ. ಕೋಣೆಯ ಉದ್ದದ ನಟ್ಟನಡುವೆ ಕೂತರೆ ಮೊದಲ ಮೋಡ್ ಕೇಳಿಸುವುದೇ ಇಲ್ಲ: ನಮ್ಮ ಉದಾಹರಣೆಯಲ್ಲಿ 40 ಹರ್ಟ್ಸ್ ಮಾಯ. ಬೆನ್ನು ಹಿಂದಿನ ಗೋಡೆಗೆ ಹತ್ತಿದರೆ ಉದ್ದದ ಎಲ್ಲ ಮೋಡುಗಳೂ ಉಬ್ಬಿ ಕಿವಿಗೆ ಬೀಳುತ್ತವೆ. ಹಿಂದಿನ ಗೋಡೆಯಿಂದ ಉದ್ದದ ಮೂರನೇ ಒಂದು ಭಾಗದಷ್ಟು, ಅಂದರೆ 14 ಅಡಿಗೆ ನಾಲ್ಕೂವರೆಯಿಂದ ಐದು ಅಡಿ ಮುಂದೆ ಕಿವಿ ಇದ್ದರೆ ಒಳ್ಳೆಯ ಆರಂಭ.

ಇಲ್ಲೊಂದು ಬಲೆ ಇದೆ. ಕಿವಿ ಸರಿಯಾಗಿ ಕಾಲು ಭಾಗದಲ್ಲಿ, ಅಂದರೆ ಹಿಂದಿನ ಗೋಡೆಯಿಂದ ಮೂರೂವರೆ ಅಡಿಯಲ್ಲಿದ್ದರೆ ಎರಡನೇ ಮೋಡ್, ಅಂದರೆ 80 ಹರ್ಟ್ಸ್, ಅಲ್ಲಿ ಸೊನ್ನೆಯಾಗುತ್ತದೆ. ಎಲ್ಲರೂ ಕ್ರಾಸ್‌ಓವರ್ ಇಡುವುದೂ 80ಕ್ಕೇ. ಆಮೇಲೆ ಫೇಸ್ ನಾಬನ್ನು ಎಷ್ಟು ತಿರುವಿದರೂ ಆ ತಗ್ಗು ಮುಚ್ಚುವುದಿಲ್ಲ. ಸ್ಪೀಕರ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋದವರೂ ಇದ್ದಾರೆ. ಸೋಫಾ ಒಂದಡಿ ಸರಿಸಿದರೆ ಮುಗಿಯುವ ಕೆಲಸ ಅದು.

ಸಬ್‌ವೂಫರಿನ ಜಾಗ ಹುಡುಕಲು ಅಂಬೆಗಾಲಿನ ಪರೀಕ್ಷೆಯಷ್ಟು ಒಳ್ಳೆಯದು ಬೇರೆ ಇಲ್ಲ. ಸಬ್‌ವೂಫರನ್ನು ನೀವು ಕೂಡುವ ಜಾಗದಲ್ಲಿ, ಸಾಧ್ಯವಾದರೆ ಕಿವಿಯ ಎತ್ತರಕ್ಕೆ ಒಂದು ಗಟ್ಟಿ ಸ್ಟೂಲಿನ ಮೇಲೆ ಇಡಿ. 30ರಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಟೋನ್ ಹಚ್ಚಿ, ಅಥವಾ ಬೇಸ್ ಗಿಟಾರ್ ಮೆಟ್ಟಿಲು ಹತ್ತಿ ಇಳಿಯುವಂಥ ಹಾಡು. ಆಮೇಲೆ ಗೋಡೆಗುಂಟ ಮಂಡಿಯೂರಿ ಹೋಗುತ್ತ, ಸಬ್‌ವೂಫರ್ ಇಡಲು ಸಾಧ್ಯವಿರುವ ಜಾಗಗಳಲ್ಲಿ ಮಾತ್ರ ಕಿವಿಯನ್ನು ನೆಲದಿಂದ ಒಂದಡಿ ಎತ್ತರದಲ್ಲಿಟ್ಟು ಕೇಳಿ. ಎಲ್ಲ ಸ್ವರವೂ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಕೇಳುವ ಜಾಗ ಹುಡುಕಬೇಕು, ಅತಿ ಜೋರಾಗಿ ಕೇಳುವ ಜಾಗವನ್ನಲ್ಲ. ಖಡುವಿನಿಂದ ನೆಲದಲ್ಲಿ ಗುರುತು ಹಾಕಿ, ಸಬ್‌ವೂಫರನ್ನು ಅಲ್ಲಿಗೆ ತನ್ನಿ. ಸದ್ದು ಕೊಡುವ ಜಾಗ, ಕೇಳುವ ಜಾಗ ಎರಡನ್ನೂ ಅದಲುಬದಲು ಮಾಡಿದರೂ ನಡುವಿನ ಪರಿಣಾಮ ಬದಲಾಗುವುದಿಲ್ಲ. ಈ ಪರೀಕ್ಷೆ ನಿಂತಿರುವುದೇ ಅದರ ಮೇಲೆ.

ಮೂಲೆಯಲ್ಲಿ ಇಟ್ಟರೆ ಸದ್ದು ಹೆಚ್ಚು, ಎಲ್ಲ ಮೋಡುಗಳೂ ಎಚ್ಚರ. ಗೋಡೆಯ ನಡುಮಧ್ಯದಲ್ಲಿ ಇಟ್ಟರೆ ಆ ಗೋಡೆಯ ಅಳತೆಯ ಮೊದಲ ಮೋಡ್ ಏಳುವುದೇ ಇಲ್ಲ. 11 ಅಡಿ ಗೋಡೆಯ ನಡುವೆ ಇಟ್ಟರೆ 51 ಹರ್ಟ್ಸ್ ಸುಮ್ಮನಾಗುತ್ತದೆ. ಎರಡು ಸಬ್‌ವೂಫರ್ ಕೊಳ್ಳುವ ಶಕ್ತಿ ಇದ್ದರೆ ಒಂದು ದೊಡ್ಡದಕ್ಕಿಂತ ಎರಡು ಸಣ್ಣವು ಮೇಲು: ಎದುರುಬದುರು ಗೋಡೆಗಳ ನಡುಮಧ್ಯ ಒಂದೊಂದು. ಸೋಫಾದ ಬದಿಗೆ ಕೂತವರಿಗೂ ಆಗ ಸಮನಾದ ಬೇಸ್ ಸಿಗುತ್ತದೆ.

ನವಲಗುಂದದ ಜಮಖಾನ ಹಾಸಿದರೆ, ಗೋಡೆಗೆ ಕೌದಿ ಕಟ್ಟಿದರೆ ಬೇಸ್ ಹಿಡಿತಕ್ಕೆ ಬರುತ್ತದೆಯೇ? ಬರುವುದಿಲ್ಲ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್. ಅರ್ಧ ಇಂಚಿನ ಬಟ್ಟೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅವು ಮೇಲಿನ ಸ್ವರಗಳ ಪ್ರತಿಧ್ವನಿ ತಗ್ಗಿಸುತ್ತವೆ, ಮಾತು ಸ್ಪಷ್ಟವಾಗುತ್ತದೆ, ಅದೂ ಬೇಕಾದದ್ದೇ. ಬೇಸಿಗೆ ಮಾತ್ರ ಮೂಲೆಯಲ್ಲಿ ನೆಲದಿಂದ ಮೇಲಿನವರೆಗೆ ಒಂದೂವರೆ-ಎರಡು ಅಡಿ ದಪ್ಪಕ್ಕೆ ರಾಕ್‌ವುಲ್ (ಕಲ್ಲಿನ ಎಳೆಗಳ ಹಾಸು) ತುಂಬಬೇಕಾಗುತ್ತದೆ, ಮನೆಯವರು ಒಪ್ಪಿದರೆ.

ತಂತಿ

ಎವಿ ರಿಸೀವರ್ (ಟಿವಿ, ಪ್ಲೇಯರುಗಳ ಸದ್ದನ್ನು ಸ್ಪೀಕರುಗಳಿಗೆ ಹಂಚುವ ಆಂಪ್ಲಿಫೈಯರ್) ಇದ್ದರೆ ಅದರ ಸಬ್ ಔಟ್‌ನಿಂದ ಒಂದೇ ಆರ್‌ಸಿಎ ತಂತಿ ಎಳೆದು ಸಬ್‌ವೂಫರಿನ ಎಲ್‌ಎಫ್‌ಇ (ಸಿನಿಮಾದಲ್ಲಿ ಬೇಸಿಗೆಂದೇ ಇರುವ ಬೇರೆ ಚಾನೆಲ್) ಸಾಕೆಟ್ಟಿಗೆ ಹಾಕಿ. ಎಲ್‌ಎಫ್‌ಇ ಎಂಬ ಹೆಸರಿನ ಸಾಕೆಟ್ ಇಲ್ಲದಿದ್ದರೆ ಎಡಗಡೆಯ ಲೈನ್ ಇನ್‌ಗೆ ಹಾಕಿ, ಸಬ್‌ವೂಫರಿನ ಕ್ರಾಸ್‌ಓವರ್ ನಾಬನ್ನು ಪೂರ್ತಿ ಮೇಲಕ್ಕೆ, ಅಂದರೆ 150 ಅಥವಾ 160 ಹರ್ಟ್ಸ್‌ಗೆ ಒಯ್ಯಿರಿ. ಇದನ್ನು ಮರೆತು 80ಕ್ಕೇ ಬಿಟ್ಟರೆ ರಿಸೀವರಿನ ಫಿಲ್ಟರ್ ಒಂದು, ಸಬ್‌ವೂಫರಿನದು ಇನ್ನೊಂದು, ಹೀಗೆ ಎರಡು ಜರಡಿಗಳು ಒಂದರ ಕೆಳಗೊಂದು ಕೂಡುತ್ತವೆ. 60ರಿಂದ 90 ಹರ್ಟ್ಸ್ ನಡುವೆ ಹಳ್ಳ ಬೀಳುತ್ತದೆ, ಫೇಸ್ ಕೂಡ ತಿರುಗಿಬಿಡುತ್ತದೆ. ನಮ್ಮ ಕಡೆ ಕಾಣಸಿಗುವ ತಪ್ಪುಗಳಲ್ಲಿ ಮೊದಲನೆಯದು ಇದೇ.

ಹಳೆಯ ಸ್ಟೀರಿಯೋ ಆಂಪ್ಲಿಫೈಯರಿಗೆ ಸಬ್ ಔಟ್ ಇರುವುದಿಲ್ಲ. ಆಗ ಸಬ್‌ವೂಫರಿನ ಹೈ ಲೆವೆಲ್ ಟರ್ಮಿನಲ್ಲುಗಳಿಗೆ ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲ್ಲಿನಿಂದಲೇ ಇನ್ನೊಂದು ಜೋಡಿ ತಂತಿ ಎಳೆಯಬಹುದು. ಅದರಿಂದ ಆಂಪ್ಲಿಫೈಯರಿಗೆ ಭಾರ ಬೀಳುವುದಿಲ್ಲ. ಆದರೆ ಟಿಪಿಎ3116ರಂಥ ಅಗ್ಗದ ಕ್ಲಾಸ್-ಡಿ ಬೋರ್ಡ್ ಇದ್ದರೆ ನಿಲ್ಲಿ. ಅವುಗಳಲ್ಲಿ ಕಪ್ಪು ಟರ್ಮಿನಲ್ ಅಂದರೆ ನೆಲ ಅಲ್ಲ, ಅದರಲ್ಲೂ ಸಿಗ್ನಲ್ ಹರಿಯುತ್ತಿರುತ್ತದೆ. ಎಡ-ಬಲ ಎರಡು ಕಪ್ಪು ತಂತಿಗಳನ್ನು ಒಂದುಗೂಡಿಸಿದರೆ ಅಥವಾ ಸಬ್‌ವೂಫರಿನ ಗ್ರೌಂಡಿಗೆ ತಾಗಿಸಿದರೆ ಬೋರ್ಡ್ ಸುಟ್ಟುಹೋಗಬಹುದು. ಅಂಥ ಕಡೆ ಮೊಬೈಲ್ ಅಥವಾ ಡಿಎಸಿಯಿಂದ (ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡುವ ಪೆಟ್ಟಿಗೆ) ಬರುವ ಆರ್‌ಸಿಎ ಸಿಗ್ನಲ್ಲನ್ನೇ ವೈ ತಂತಿಯಿಂದ ಒಡೆದು ಸಬ್‌ವೂಫರಿಗೆ ಕೊಡಿ.

ಏನೂ ಹಚ್ಚದಿದ್ದಾಗಲೂ ಮ್‌ಮ್‌ ಎಂಬ ಸದ್ದು ಬರುತ್ತಿದ್ದರೆ ಅದು 50 ಹರ್ಟ್ಸ್ ಹಮ್. ಸಬ್‌ವೂಫರ್, ರಿಸೀವರ್, ಟಿವಿ, ಸೆಟ್‌ಟಾಪ್ ಬಾಕ್ಸ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಿತ್ತು ನೋಡಿ. ಸದ್ದು ನಿಂತಿತೆಂದರೆ ಚಾವಣಿ ಮೇಲಿನ ಡಿಶ್ಶಿನಿಂದಲೋ ಕೇಬಲ್ಲಿನಿಂದಲೋ ಎರಡನೇ ಅರ್ತ್ ಒಳಗೆ ಬರುತ್ತಿದೆ ಎಂದು ಅರ್ಥ. ಕೇಬಲ್ಲಿಗೆ ಐಸೋಲೇಟರ್ ಹಾಕಿಸಿ. ಅರ್ತ್ ಪಿನ್ ಕತ್ತರಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ, ಅದು ಜೀವಕ್ಕೆ ಎರವು. ಎರೆ ಭೂಮಿಯಲ್ಲಿ ಕಟ್ಟಿದ ಮನೆಗಳಲ್ಲಿ ಇನ್ನೊಂದು ಕಾರಣವೂ ಇರುತ್ತದೆ: ಬ್ಯಾಸಗಿಯಲ್ಲಿ ಎರೆ ಮಣ್ಣು ಒಣಗಿ ಬಿರಿದು ಅರ್ತಿಂಗ್ ಸರಳನ್ನು ಬಿಟ್ಟು ಸರಿಯುತ್ತದೆ, ಅರ್ತ್ ಕೆಲಸ ಮಾಡುವುದೇ ನಿಲ್ಲುತ್ತದೆ. ಅರ್ತ್ ಗುಂಡಿಗೆ ಏಪ್ರಿಲ್-ಮೇಯಲ್ಲಿ ನೀರು ಹಾಕುತ್ತಿರಿ.

ಕ್ರಾಸ್‌ಓವರ್ ಎಷ್ಟಕ್ಕೆ

ರಿಸೀವರ್ ಮೆನುವಿನಲ್ಲಿ ಎಲ್ಲ ಸ್ಪೀಕರುಗಳನ್ನೂ ಸ್ಮಾಲ್ ಎಂದೇ ಇಡಿ, ನಿಮ್ಮವು ಸೊಂಟದೆತ್ತರದ ಟವರ್ ಸ್ಪೀಕರುಗಳೇ ಆಗಿರಲಿ. ಸ್ಮಾಲ್ ಅಂದರೆ ಗಾತ್ರವಲ್ಲ, ಕೆಳಗಿನ ಸ್ವರಗಳನ್ನು ಸಬ್‌ವೂಫರಿಗೆ ಕಳಿಸು ಎಂಬ ಆಜ್ಞೆ ಅಷ್ಟೇ. ಎಲ್‌ಎಫ್‌ಇ ಪ್ಲಸ್ ಮೇನ್, ಡಬಲ್ ಬೇಸ್ ಎಂಬ ಹೆಸರಿನ ಆಯ್ಕೆಗಳನ್ನು ಮುಟ್ಟಬೇಡಿ. ಅದರಲ್ಲಿ ಸ್ಪೀಕರೂ ಸಬ್‌ವೂಫರೂ ಒಂದೇ ಸ್ವರವನ್ನು ಬೇರೆಬೇರೆ ಜಾಗದಿಂದ ನುಡಿಸಿ ಒಂದನ್ನೊಂದು ಕೆಡಿಸುತ್ತವೆ.

80 ಹರ್ಟ್ಸ್ ಎಲ್ಲರೂ ಹೇಳುವ ಅಂಕಿ, ಅದಕ್ಕೆ ಕಾರಣವೂ ಇದೆ. ಟಿಎಚ್‌ಎಕ್ಸ್ ಎಂಬ ಸಿನಿಮಾ ಧ್ವನಿ ಗುಣಮಟ್ಟದ ಪದ್ಧತಿಯಲ್ಲಿ ಸ್ಪೀಕರಿಗೆ ಅಷ್ಟಮಕ್ಕೆ (ಕಂಪನಾಂಕ ಅರ್ಧ ಅಥವಾ ಎರಡರಷ್ಟಾಗುವ ಅಂತರ) 12 ಡೆಸಿಬೆಲ್ ಇಳಿಜಾರು, ಸಬ್‌ವೂಫರಿಗೆ 24 ಡೆಸಿಬೆಲ್ ಇಳಿಜಾರು ಕೊಡುತ್ತಾರೆ. 80 ಹರ್ಟ್ಸ್ ಹತ್ತಿರ ತಾನಾಗಿಯೇ 12 ಡೆಸಿಬೆಲ್ ಇಳಿಜಾರಿನಲ್ಲಿ ಬೀಳುವ ಮುಚ್ಚಿದ ಪೆಟ್ಟಿಗೆಯ ಸ್ಪೀಕರಿಗೆ ಇದನ್ನು ಕೂಡಿಸಿದರೆ ಎರಡೂ ಕಡೆ 24 ಆಗಿ ಸರಿಯಾಗಿ ಹೊಂದುತ್ತದೆ. ನಿಮ್ಮ ಸ್ಪೀಕರ್ ಬೇರೆ ತರಹದ್ದಾದರೆ ಅಂಕಿಯೂ ಬೇರೆಯಾಗಬೇಕು. ಆರೂವರೆ ಇಂಚಿನ ವೂಫರಿನ ಟವರಿಗೆ 60ರಿಂದ 80, ಐದು ಇಂಚಿನ ಬುಕ್‌ಶೆಲ್ಫಿಗೆ 80ರಿಂದ 100, ಮೂರು ಇಂಚಿನ ಸಣ್ಣ ಸ್ಪೀಕರಿಗೆ 120ರಿಂದ 150. ಸ್ಪೀಕರಿನ ಡಬ್ಬಿಯ ಮೇಲೆ 60 ಹರ್ಟ್ಸ್‌ವರೆಗೆ ಎಂದು ಬರೆದಿದ್ದರೆ ಕ್ರಾಸ್‌ಓವರ್ 60ಕ್ಕೆ ಇಡಬೇಡಿ. ಅರ್ಧ ಅಷ್ಟಮ ಮೇಲೆ, 80-90ಕ್ಕೆ ಇಡಿ. ಫಿಲ್ಟರ್ ಅಂದರೆ ಗೋಡೆಯಲ್ಲ, ಇಳಿಜಾರು. ಅದರ ಕೆಳಗೂ ಸ್ಪೀಕರ್ ಸ್ವಲ್ಪ ದೂರ ಜೊತೆ ಕೊಡಬೇಕಾಗುತ್ತದೆ.

100 ದಾಟಿದರೆ ಸಬ್‌ವೂಫರ್ ಎಲ್ಲಿದೆ ಎಂದು ಕಿವಿ ಹುಡುಕಿಬಿಡುತ್ತದೆ; ಗಂಡಸಿನ ಧ್ವನಿ ಮೂಲೆಯಿಂದ ಬಂದಂತಾಗುತ್ತದೆ. ರೆಡಿಮೇಡ್ 2.1 ಸೆಟ್ಟುಗಳ ಸ್ಪೀಕರ್ ಬೆರಳುದ್ದ ಇರುವುದರಿಂದ ಅವುಗಳ ವೂಫರ್ 150ರ ಮೇಲಿನದನ್ನೂ ನುಡಿಸಬೇಕಾಗುತ್ತದೆ. ಅಂಥ ವೂಫರನ್ನು ಟಿವಿಯ ಕೆಳಗೇ ಇಡಿ, ಅಂಬೆಗಾಲಿನ ಪರೀಕ್ಷೆ ಅದಕ್ಕೆ ಬೇಡ.

ಎಲ್‌ಎಫ್‌ಇಗೆ ಬೇರೆಯೇ ಲೋ ಪಾಸ್ (ಇಟ್ಟ ಅಂಕಿಗಿಂತ ಮೇಲಿನ ಸ್ವರ ತಡೆಯುವ ಫಿಲ್ಟರ್) ಆಯ್ಕೆ ಇರುತ್ತದೆ. ಅದನ್ನು 120 ಹರ್ಟ್ಸ್‌ಗೇ ಬಿಡಿ.

ಫೇಸ್: ಎಲ್ಲರೂ ಬಿಟ್ಟುಬಿಡುವ ಹಂತ

80 ಹರ್ಟ್ಸ್ ಅಲೆ 4.3 ಮೀಟರ್ ಉದ್ದ. ಅದರ ಅರ್ಧ ಸುಮಾರು 7 ಅಡಿ. ಸಬ್‌ವೂಫರಿನ ಸದ್ದು ಸ್ಪೀಕರಿನದಕ್ಕಿಂತ 7 ಅಡಿಯಷ್ಟು ತಡವಾಗಿ ಬಂದರೆ ಎರಡೂ ಒಂದನ್ನೊಂದು ನುಂಗಿಹಾಕುತ್ತವೆ. ಆಗ ಆಗುವುದು ವಿಚಿತ್ರ: ಸಬ್‌ವೂಫರ್ ಆಫ್ ಮಾಡಿದರೆ ಡಗ್ಗಾ ಹೆಚ್ಚು ಕೇಳಿಸುತ್ತದೆ. ಮಾಲೀಕರು ಗೇನ್, ಅಂದರೆ ಸಬ್‌ವೂಫರಿನ ಜೋರಿನ ನಾಬ್, ಏರಿಸುತ್ತ ಹೋಗುತ್ತಾರೆ, 40 ಹರ್ಟ್ಸ್ ಗುಡುಗುತ್ತದೆ, 80ರ ಹಳ್ಳ ಹಾಗೇ ಉಳಿಯುತ್ತದೆ.

ಫೇಸ್ ಹೊಂದಿಸುವಾಗ ಸದ್ದು ಎಲ್ಲಿ ಹೆಚ್ಚು ಎಂದು ಹುಡುಕುವುದು ಕಷ್ಟ, ಎಲ್ಲಿ ಅಡಗುತ್ತದೆ ಎಂದು ಹುಡುಕುವುದು ಸುಲಭ. ಹೀಗೆ ಮಾಡಿ:

1. ಆಂಪ್ಲಿಫೈಯರ್ ಆಫ್ ಮಾಡಿ, ಎರಡೂ ಮುಖ್ಯ ಸ್ಪೀಕರುಗಳ ಕೆಂಪು-ಕಪ್ಪು ತಂತಿಗಳನ್ನು ಅದಲುಬದಲು ಮಾಡಿ.
2. ಕ್ರಾಸ್‌ಓವರ್ ಇಟ್ಟಷ್ಟೇ ಕಂಪನಾಂಕದ ಟೋನ್, ಅಂದರೆ 80 ಹರ್ಟ್ಸ್, ಸಣ್ಣ ದನಿಯಲ್ಲಿ ಹಚ್ಚಿ. ಸ್ಪೀಕರ್ ಮಾತ್ರ, ಸಬ್‌ವೂಫರ್ ಮಾತ್ರ ಎರಡೂ ಸಮ ಜೋರಿರುವಂತೆ ಗೇನ್ ಹೊಂದಿಸಿ.
3. ಎರಡನ್ನೂ ಒಟ್ಟಿಗೆ ಹಚ್ಚಿ, ನಿಮ್ಮ ಜಾಗದಲ್ಲಿ ಕೂತು, ಇನ್ನೊಬ್ಬರಿಗೆ ಫೇಸ್ ನಾಬನ್ನು 0ಯಿಂದ 180ರವರೆಗೆ ನಿಧಾನಕ್ಕೆ ತಿರುಗಿಸಲು ಹೇಳಿ. ರಿಸೀವರ್ ಇದ್ದರೆ ನಾಬನ್ನು 0ಯಲ್ಲೇ ಬಿಟ್ಟು, ಮೆನುವಿನ ಸಬ್ ಡಿಸ್ಟೆನ್ಸನ್ನು ಒಂದೊಂದು ಅಡಿಯಂತೆ ಬದಲಿಸಿ.
4. ಸದ್ದು ತೀರಾ ಅಡಗಿದ ಜಾಗದಲ್ಲಿ ನಿಲ್ಲಿಸಿ. ಆಫ್ ಮಾಡಿ ತಂತಿಗಳನ್ನು ಮೊದಲಿನಂತೆ ಹಾಕಿ.

ಈಗ ಎರಡೂ ಕೈಕೂಡಿಸುತ್ತವೆ. ಟೇಪಿನಲ್ಲಿ ಅಳೆದ ದೂರ 10 ಅಡಿ ಇದ್ದು ರಿಸೀವರಿನಲ್ಲಿ 14 ಅಡಿ ಬಂದರೆ ಗಾಬರಿಯಾಗಬೇಡಿ. ಸಬ್‌ವೂಫರ್ ಒಳಗಿನ ಡಿಎಸ್‌ಪಿಯೂ (ಸಿಗ್ನಲ್ಲನ್ನು ಲೆಕ್ಕ ಹಾಕಿ ತಿದ್ದುವ ಚಿಪ್) ಫಿಲ್ಟರೂ ಸಿಗ್ನಲ್ಲನ್ನು ತಡಮಾಡುತ್ತವೆ. ಒಂದು ಮಿಲಿಸೆಕೆಂಡ್ ತಡ ಅಂದರೆ ಒಂದಡಿಗಿಂತ ತುಸು ಹೆಚ್ಚು ದೂರ. ಬರೀ 0/180 ಸ್ವಿಚ್ ಇದ್ದರೆ ಎರಡರಲ್ಲಿ ಉತ್ತಮವಾದದ್ದಕ್ಕೆ ಇಟ್ಟು, ಸಬ್‌ವೂಫರನ್ನು ಒಂದೊಂದಡಿ ಹಿಂದೆ-ಮುಂದೆ ಸರಿಸಿ ನೋಡಬೇಕು.

ಅಳೆಯುವುದು

ಕಿವಿಯಿಂದ ಇಲ್ಲಿಯವರೆಗೆ ಬರಬಹುದು. ಇಕ್ಯೂಗೆ ಮೈಕ್ ಬೇಕೇ ಬೇಕು. ಮಿನಿಡಿಎಸ್‌ಪಿ ಕಂಪನಿಯ ಯುಮಿಕ್-1ರಂಥ ಯುಎಸ್‌ಬಿ ಮೈಕ್, ಒಂದು ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶ ಇಷ್ಟು ಸಾಕು. ಮೈಕಿನ ಸೀರಿಯಲ್ ಸಂಖ್ಯೆಗೆ ತಕ್ಕ ಕ್ಯಾಲಿಬ್ರೇಶನ್ ಫೈಲನ್ನು ಇಳಿಸಿ ತಂತ್ರಾಂಶಕ್ಕೆ ಕೊಡುವುದನ್ನು ಮರೆಯಬೇಡಿ. ಮೊಬೈಲಿನ ಮೈಕ್ ಮಾತಿಗಾಗಿ ಮಾಡಿದ್ದು, ಕೆಳಗಿನ ಸ್ವರಗಳನ್ನು ಕತ್ತರಿಸಿಬಿಡುತ್ತದೆ. ಮೊದಲು-ಆಮೇಲೆ ಹೋಲಿಸಲು ಅದು ನಡೆದೀತು, 40 ಹರ್ಟ್ಸ್ ಎಷ್ಟಿದೆ ಎಂದು ಹೇಳಲು ನಡೆಯದು.

ಮೈಕ್ ಕಿವಿಯ ಎತ್ತರದಲ್ಲಿ ಸ್ಟ್ಯಾಂಡಿನ ಮೇಲಿರಲಿ, ಕೈಯಲ್ಲಿ ಬೇಡ. ಫ್ಯಾನು, ಕೂಲರ್, ಫ್ರಿಜ್ ಬಂದ್ ಮಾಡಿ. ಮಳೆಗಾಲದಲ್ಲಿ ಪತ್ರಾಸಿನ ಮೇಲೆ ಹನಿ ಬೀಳುವಾಗ, ಹೊರಗೆ ಲಾರಿ ಹಾಯುವಾಗ ಅಳೆಯುವುದು ದಂಡ. ರಾತ್ರಿ ಹತ್ತರೊಳಗೆ, ಸಂಚಾರ ತಗ್ಗಿದ ಮೇಲೆ ಕೂಡಿ. 75 ಡೆಸಿಬೆಲ್ ಮಟ್ಟದಲ್ಲಿ 15ರಿಂದ 200 ಹರ್ಟ್ಸ್ ಸ್ವೀಪ್, ಅಂದರೆ ಏರುತ್ತ ಹೋಗುವ ಟೋನ್, ಹಚ್ಚಿ. ಸಬ್‌ವೂಫರ್ ಮಾತ್ರ ಒಂದು, ಸ್ಪೀಕರ್ ಮಾತ್ರ ಒಂದು, ಎರಡೂ ಕೂಡಿ ಒಂದು: ತಂತ್ರಾಂಶದ ನಕ್ಷೆಯಲ್ಲಿ ಮೂರು ಗೆರೆ ಬೇಕು. ಕೂಡಿದ ಗೆರೆ 80ರ ಸುತ್ತ ಎರಡೂ ಬಿಡಿ ಗೆರೆಗಳಿಗಿಂತ ಮೇಲಿದ್ದರೆ ಫೇಸ್ ಸರಿ ಇದೆ, ಕೆಳಗಿದ್ದರೆ ಹಿಂದಿನ ಹಂತಕ್ಕೆ ಹೋಗಿ. ಆಮೇಲೆ ಮೈಕನ್ನು ಒಂದೊಂದಡಿ ಎಡಕ್ಕೆ, ಬಲಕ್ಕೆ, ಮುಂದಕ್ಕೆ ಸರಿಸಿ ಇನ್ನೂ ಮೂರು-ನಾಲ್ಕು ಸಲ ಅಳೆಯಿರಿ.

ಡೆಸಿಬೆಲ್ ಮೀಟರಿನಿಂದ ಮಟ್ಟ ನೋಡುವವರು ಅದನ್ನು ಸಿ ವೇಟಿಂಗ್‌ಗೆ (ಕೆಳಗಿನ ಸ್ವರಗಳನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆ) ಇಡಬೇಕು. ಎ ವೇಟಿಂಗ್‌ನಲ್ಲಿ ಮೀಟರು 50 ಹರ್ಟ್ಸನ್ನು 30 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಗೇನ್ ಏರಿಸಿದರೆ ಬೇಸ್ ಮಿತಿಮೀರುತ್ತದೆ.

ಇಕ್ಯೂ

ಗೆರೆಯಲ್ಲಿ ದಿಬ್ಬಗಳೂ ತಗ್ಗುಗಳೂ ಕಾಣುತ್ತವೆ. ನಿಮ್ಮ ಚೀಟಿ ತೆಗೆಯಿರಿ. ದಿಬ್ಬಗಳು ಬಹುಪಾಲು ಅದರಲ್ಲಿ ಬರೆದ ಅಂಕಿಗಳ ಮೇಲೇ ಇರುತ್ತವೆ. ಇಕ್ಯೂ ಕೆಲಸ ಅವುಗಳನ್ನು ಕಡಿಯುವುದು, ಅಷ್ಟೇ.

ತಗ್ಗನ್ನು ಯಾಕೆ ತುಂಬಬಾರದು? ಗೋಡೆಯಿಂದ ಮರಳಿದ ಅಲೆ ನೇರ ಅಲೆಯನ್ನು ಹೊಡೆದುಹಾಕಿದ್ದರಿಂದ ಆ ತಗ್ಗು ಬಿದ್ದಿರುತ್ತದೆ. ನೀವು ನೇರ ಅಲೆಯನ್ನು ಹೆಚ್ಚಿಸಿದರೆ ಮರಳುವ ಅಲೆಯೂ ಅಷ್ಟೇ ಹೆಚ್ಚುತ್ತದೆ, ತಗ್ಗು ಹಾಗೇ ಇರುತ್ತದೆ. ಹುಬ್ಬಳ್ಳಿ ರಸ್ತೆಯ ತಗ್ಗಿಗೆ ಮಳೆಗಾಲದಲ್ಲಿ ಮಣ್ಣು ಸುರಿದ ಹಾಗೆ. ಈ ನಡುವೆ ಆಂಪ್ಲಿಫೈಯರ್ ಬಸವಳಿಯುತ್ತದೆ: 3 ಡೆಸಿಬೆಲ್ ಏರಿಸಿದರೆ ಎರಡರಷ್ಟು ಶಕ್ತಿ ಬೇಕು, 9 ಏರಿಸಿದರೆ ಎಂಟರಷ್ಟು. ಮೈಕ್ ಒಂದಡಿ ಸರಿಸಿದಾಗ ತಗ್ಗು ಜಾಗ ಬದಲಿಸಿದರೆ ಅದನ್ನು ಕೈಬಿಡಿ. ಎಲ್ಲ ಅಳತೆಗಳಲ್ಲೂ ಇರುವ ಅಗಲವಾದ, ಆಳವಿಲ್ಲದ ತಗ್ಗಿಗೆ ಮಾತ್ರ 2-3 ಡೆಸಿಬೆಲ್ ಕೊಡಬಹುದು.

ಪ್ಯಾರಾಮೆಟ್ರಿಕ್ ಇಕ್ಯೂನಲ್ಲಿ ಪ್ರತಿ ಫಿಲ್ಟರಿಗೆ ಮೂರು ಅಂಕಿ: ಕಂಪನಾಂಕ, ಡೆಸಿಬೆಲ್, ಕ್ಯೂ. ಕ್ಯೂ ಅಂದರೆ ಎಷ್ಟು ಚೂಪು. ಕಂಪನಾಂಕವನ್ನು ದಿಬ್ಬದ ಅಗಲದಿಂದ ಭಾಗಿಸಿದರೆ ಕ್ಯೂ ಬರುತ್ತದೆ. ತುದಿಯಿಂದ 3 ಡೆಸಿಬೆಲ್ ಕೆಳಗೆ ಅಗಲ ಅಳೆಯಬೇಕು. 40 ಹರ್ಟ್ಸ್‌ನಲ್ಲಿ 9 ಡೆಸಿಬೆಲ್ ಎತ್ತರದ, 8 ಹರ್ಟ್ಸ್ ಅಗಲದ ದಿಬ್ಬವಿದ್ದರೆ ಫಿಲ್ಟರ್ ಹೀಗೆ: 40 ಹರ್ಟ್ಸ್, ಮೈನಸ್ 7, ಕ್ಯೂ 5. ಪೂರ್ತಿ 9 ಕಡಿಯಬೇಡಿ, ಒಂದೆರಡು ಡೆಸಿಬೆಲ್ ಬಿಡಿ. ಮತ್ತೆ ಅಳೆದು ಮುಂದಿನ ದಿಬ್ಬಕ್ಕೆ ಹೋಗಿ. ಮೂರರಿಂದ ಐದು ಫಿಲ್ಟರಿಗಿಂತ ಹೆಚ್ಚು ಬೇಕೆನಿಸಿದರೆ ಸಬ್‌ವೂಫರಿನ ಜಾಗವೇ ತಪ್ಪಿರಬೇಕು.

ಕ್ಯೂವನ್ನು 10, 12 ಎಂದು ಸೂಜಿಯಷ್ಟು ಚೂಪು ಮಾಡುವ ಚಟ ಕೆಲವರಿಗಿದೆ. ಜನವರಿ ರಾತ್ರಿ 15 ಡಿಗ್ರಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಏಪ್ರಿಲ್‌ನಲ್ಲಿ ಗದಗಿನ ಹಾಲ್ 38 ಡಿಗ್ರಿಗೆ ಕಾದಾಗ 354. ಚಳಿಯಲ್ಲಿ 40ಕ್ಕಿದ್ದ ದಿಬ್ಬ ಬ್ಯಾಸಗಿಗೆ 41.5ಕ್ಕೆ ಸರಿದಿರುತ್ತದೆ. ಸೂಜಿ ಫಿಲ್ಟರ್ ಆಗ ಅದರ ಪಕ್ಕಕ್ಕೆ ಚುಚ್ಚುತ್ತದೆ. 4ರಿಂದ 6ರ ಕ್ಯೂ ಎರಡೂ ಕಾಲಕ್ಕೆ ಆಗಿಬರುತ್ತದೆ.

ಫಿಲ್ಟರ್ ಎಲ್ಲಿ ಹಾಕುವುದು? ರಿಸೀವರ್ ಮತ್ತು ಸಬ್‌ವೂಫರ್ ನಡುವೆ ಮಿನಿಡಿಎಸ್‌ಪಿ ಪೆಟ್ಟಿಗೆ ಸಲೀಸು. ಲ್ಯಾಪ್‌ಟಾಪಿನಿಂದಲೇ ಕೇಳುವವರಿಗೆ ವಿಂಡೋಸ್‌ನ ಇಕ್ವಲೈಝರ್ ಎಪಿಒ ಉಚಿತ. ಎರಡಕ್ಕೂ ರೂಮ್ ಇಕ್ಯೂ ವಿಝಾರ್ಡಿನಿಂದ ಫಿಲ್ಟರುಗಳನ್ನು ನೇರವಾಗಿ ಕಳಿಸಬಹುದು. ಬೆಸುಗೆ ಹಾಕಲು ಬರುವವರು ಎಡಿಎಯು1701 ಎಂಬ ಡಿಎಸ್‌ಪಿ ಚಿಪ್ಪಿನ ಬೋರ್ಡಿನಲ್ಲಿ ಕಡಿಮೆ ಖರ್ಚಿಗೆ ಇದೇ ಕೆಲಸ ಮಾಡಿಕೊಳ್ಳುತ್ತಾರೆ.

ತೂತಿರುವ, ಅಂದರೆ ಪೋರ್ಟೆಡ್ ಪೆಟ್ಟಿಗೆಯಾದರೆ ಇನ್ನೊಂದು ಫಿಲ್ಟರ್ ಕಡ್ಡಾಯ. ಪೋರ್ಟಿನ ಟ್ಯೂನಿಂಗಿಗಿಂತ ಕೆಳಗೆ ಕೋನಿಗೆ ಗಾಳಿಯ ಆಸರೆ ತಪ್ಪಿ ಅದು ಬಡಬಡ ಹೊಡೆದುಕೊಳ್ಳುತ್ತದೆ. 30 ಹರ್ಟ್ಸ್‌ಗೆ ಟ್ಯೂನ್ ಮಾಡಿದ್ದಕ್ಕೆ 25 ಹರ್ಟ್ಸ್‌ನಲ್ಲಿ 24 ಡೆಸಿಬೆಲ್ ಇಳಿಜಾರಿನ ಹೈ ಪಾಸ್ (ಅದಕ್ಕಿಂತ ಕೆಳಗಿನ ಸ್ವರ ತಡೆಯುವ ಫಿಲ್ಟರ್) ಹಾಕಿ. ಹಳೆಯ ಎಲ್‌ಪಿ ತಟ್ಟೆ ಹಚ್ಚುವವರಿಗೆ ಯಾವ ಪೆಟ್ಟಿಗೆಯಿದ್ದರೂ 20 ಹರ್ಟ್ಸ್‌ನಲ್ಲಿ ಒಂದು ಬೇಕು. ಸೊಟ್ಟಗಾದ ತಟ್ಟೆ ಸುತ್ತುವಾಗ ಕೋನ್ ಸದ್ದಿಲ್ಲದೆ ಓಲಾಡುತ್ತಿರುತ್ತದೆ.

ಗೆರೆ ತೀರ ಸಪಾಟಾದರೆ ಬೇಸ್ ತೆಳುವೆನಿಸುತ್ತದೆ. ಫಿಲ್ಟರ್ ಎಲ್ಲ ಮುಗಿದ ಮೇಲೆ ಸಬ್‌ವೂಫರಿನ ಒಟ್ಟು ಮಟ್ಟವನ್ನು 3ರಿಂದ 5 ಡೆಸಿಬೆಲ್ ಏರಿಸಿಕೊಳ್ಳಿ. 80ರ ಆಸುಪಾಸು ಫಿಲ್ಟರ್ ಹಾಕಿದ್ದರೆ ಫೇಸ್ ಪರೀಕ್ಷೆ ಇನ್ನೊಮ್ಮೆ ಮಾಡಿ, ಫಿಲ್ಟರ್ ಅದನ್ನೂ ಅಲುಗಿಸಿರುತ್ತದೆ.

ಕೋಣೆಯನ್ನು ತಾನೇ ಅಳೆದು ಹೊಂದಿಸುವ ಆಡಿಸ್ಸಿಯಂಥ ಸ್ವಯಂಚಾಲಿತ ವ್ಯವಸ್ಥೆ ರಿಸೀವರಿನಲ್ಲಿದ್ದರೆ ಬಳಸಿ, ಆದರೆ ಜಾಗ ಹುಡುಕಿದ ಮೇಲೆ. ಮುಗಿದ ನಂತರ ಮೂರು ನೋಡಿ. ಒಂದು, ಸ್ಪೀಕರನ್ನು ಲಾರ್ಜ್ ಎಂದು ಮಾಡಿದ್ದರೆ ಸ್ಮಾಲ್ ಮಾಡಿ. ಎರಡು, ಕ್ರಾಸ್‌ಓವರನ್ನು ಅದು ಕೊಟ್ಟದ್ದಕ್ಕಿಂತ ಏರಿಸಬಹುದು, ಇಳಿಸಬಾರದು. ಮೂರು, ಸಬ್ ಲೆವೆಲ್ ಮೈನಸ್ 12ಕ್ಕೆ ಹೋಗಿ ನಿಂತಿದ್ದರೆ ಅದು ಅಳತೆಯಲ್ಲ, ಇಳಿಕೆಯ ತಳ. ಸಬ್‌ವೂಫರಿನ ಗೇನ್ ತಗ್ಗಿಸಿ ಮೊದಲಿನಿಂದ ಓಡಿಸಿ.

ತಬಲಾ ಹಚ್ಚಿ ನೋಡಿ

ಈ ನಾಡಿನಲ್ಲಿ ಪರೀಕ್ಷೆಗೆ ಬೇಕಾದ ಸಾಮಾನು ಹೊರಗಿಂದ ತರಬೇಕಿಲ್ಲ. ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಬರುವ ಗುಂ-ಊಂ ಸ್ವರ ಕ್ರಾಸ್‌ಓವರ್ ಇರುವ ಪಟ್ಟಿಯಲ್ಲೇ ಏರಿಳಿಯುತ್ತದೆ. ಒಳ್ಳೆಯ ಧ್ವನಿಮುದ್ರಣದಲ್ಲಿ ವಿಲಂಬಿತ ಏಕತಾಲ ಹಚ್ಚಿ ಕೇಳಿ. ಆ ಜಾರು ಒಂದೇ ಗೆರೆಯಾಗಿ, ತಬಲಾ ಕೂತ ಜಾಗದಿಂದಲೇ ಬರಬೇಕು. ನಡುವೆ ಎಲ್ಲಾದರೂ ಸ್ವರ ಬಾವಿಗೆ ಬಿದ್ದಂತಾದರೆ ಫೇಸ್ ತಪ್ಪಿದೆ. ಒಂದು ಕಡೆ ಮಾತ್ರ ಉಬ್ಬಿದರೆ ಮೋಡ್ ಉಳಿದಿದೆ. ಜಾರು ಕೆಳಗಿಳಿದಾಗ ತಬಲಾ ಮೂಲೆಗೆ ಓಡಿದರೆ ಕ್ರಾಸ್‌ಓವರ್ ಹೆಚ್ಚಾಗಿದೆ.

ತಂಬೂರಿಯೂ ಅಷ್ಟೇ ಕಟ್ಟುನಿಟ್ಟು. ಕರಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ತಂಬೂರಿಯ ಖರ್ಜ ಅದರ ಅರ್ಧ, 69. ನಾಲ್ಕೂ ತಂತಿ ಸುತ್ತುವಾಗ ಖರ್ಜ ಮಾತ್ರ ಮೈಮೇಲೆ ಬಂದಂತೆ ನಿಂತರೆ ಸಬ್‌ವೂಫರ್ 2-3 ಡೆಸಿಬೆಲ್ ಹೆಚ್ಚಿದೆ. ಹಳೆಯ ರೇಡಿಯೋ ಧ್ವನಿಮುದ್ರಣಗಳನ್ನು ಮಾತ್ರ ಈ ಪರೀಕ್ಷೆಗೆ ಬಳಸಬೇಡಿ. ಅವುಗಳ ಕೆಳಸ್ವರದಲ್ಲಿ ಟೇಪಿನ ಗೊರಗೊರ, 50 ಹರ್ಟ್ಸ್ ಹಮ್ ಸೇರಿರುತ್ತವೆ, ಸಬ್‌ವೂಫರ್ ಅದನ್ನೂ ನಿಷ್ಠೆಯಿಂದ ನುಡಿಸುತ್ತದೆ. ಕೊನೆಗೆ ಜಗ್ಗಲಿಗೆಯದೋ ಡೊಳ್ಳಿನದೋ ಒಂದು ತುಣುಕು: ಪೆಟ್ಟು ಬಿದ್ದು ನಿಲ್ಲಬೇಕು, ಬಾಲ ಎಳೆಯಬಾರದು.

ಕಪಾಟು, ಕಿಟಕಿ, ಪಕ್ಕದ ಮನೆ

ಸಬ್‌ವೂಫರ್ ಕರ್ ಕರ್ ಅನ್ನುತ್ತಿದೆ ಎಂದಾಗ ಅರ್ಧಕ್ಕರ್ಧ ಸಲ ಅದು ಸಬ್‌ವೂಫರೇ ಅಲ್ಲ. 25ರಿಂದ 120 ಹರ್ಟ್ಸ್‌ವರೆಗೆ ನಿಧಾನಕ್ಕೆ ಟೋನ್ ಏರಿಸುತ್ತ ಒಬ್ಬರು ಮನೆ ಸುತ್ತಬೇಕು. ಉಕ್ಕಿನ ಕಪಾಟಿನ ಬಾಗಿಲು, ಅಲ್ಯೂಮಿನಿಯಂ ಕಿಟಕಿಯ ಗಾಜು, ಸೊಳ್ಳೆ ಜಾಳಿಗೆ, ಚಿಲಕ, ಫಾಲ್ಸ್ ಸೀಲಿಂಗಿನ ದೀಪದ ಸ್ಪ್ರಿಂಗು, ಫ್ಯಾನಿನ ಮೇಲಿನ ಕಪ್ಪು, ಹಲಗೆ ಮೇಲಿನ ಸ್ಟೀಲ್ ಡಬ್ಬಿ: ಒಂದೊಂದೂ ತನ್ನ ಸ್ವರ ಬಂದಾಗ ಕೂಗುತ್ತದೆ. ಫೋಮ್ ಟೇಪು, ಸೈಕಲ್ ಟ್ಯೂಬಿನ ತುಂಡು, ಮಡಚಿದ ರಟ್ಟು ಇಷ್ಟರಲ್ಲಿ ಬಹುತೇಕ ಮುಗಿಯುತ್ತದೆ. ಫರ್ಸಿ ನೆಲ ಏರುಪೇರಾಗಿದ್ದು ಸಬ್‌ವೂಫರ್ ಕುಂಟುತ್ತಿದ್ದರೆ ಕಾಲಡಿಗೆ ರಬ್ಬರ್ ಕೊಡಿ.

ನೆರೆಯವರ ವಿಷಯ. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಇಟ್ಟ ಮಿತಿ ಹಗಲಿಗೆ 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್. ಈ ಅಂಕಿಗಳು ಎ ವೇಟಿಂಗಿನವು. ಆದ್ದರಿಂದ ಮೀಟರು ಮಿತಿಯೊಳಗೆ ತೋರಿಸುತ್ತಿದ್ದರೂ ಪಕ್ಕದ ಮನೆಯ ಅಜ್ಜನಿಗೆ 40 ಹರ್ಟ್ಸ್ ಎದೆಯಲ್ಲಿ ಬಡಿಯುತ್ತಿರಬಹುದು. ಅವರು ಬಂದು "ಸ್ವಲ್ಪ ಸಣ್ಣಗ ಹಚ್ರಿ" ಅಂದರೆ ಮೀಟರ್ ತೋರಿಸಬೇಡಿ. ಅಪಾರ್ಟ್‌ಮೆಂಟಿನಲ್ಲಿ ಸಬ್‌ವೂಫರಿನ ಕೆಳಗೆ ಎರಡು ಇಂಚಿನ ಫೋಮ್ ಹಾಕಿದರೆ ಸ್ಲ್ಯಾಬಿನ ಕಂಪ ಕಡಿಮೆಯಾಗುತ್ತದೆ, ಗಾಳಿಯಲ್ಲಿ ಹೋಗುವುದು ಹೋಗೇ ಹೋಗುತ್ತದೆ. ರಾತ್ರಿಗೆಂದು ಡಿಎಸ್‌ಪಿಯಲ್ಲಿ ಬೇರೆ ಪ್ರಿಸೆಟ್ ಮಾಡಿ: 45 ಹರ್ಟ್ಸ್‌ನಲ್ಲಿ ಹೈ ಪಾಸ್, ಮಟ್ಟ 6 ಡೆಸಿಬೆಲ್ ಕೆಳಗೆ.

ಎಲ್ಲ ಮುಗಿದ ಮೇಲೆ ಹಿಂಬದಿಯ ನಾಬುಗಳ ಫೋಟೋ ತೆಗೆದಿಡಿ, ಅವುಗಳ ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅವನ್ನು ಯಾರಾದರೂ ತಿರುಗಿಸಿಯೇ ತಿರುಗಿಸುತ್ತಾರೆ.